ಗ್ಯಾಸ್ ತುಂಬುವ ಮುಂಚಿನ 15 ನಿಮಿಷ

ಸರ್ಜನ್ "ಗ್ಯಾಸ್ ಬಿಡಿ" ಅಂದ ಕೂಡಲೇ ನನ್ನ ಕಣ್ಣು ಮಾನಿಟರ್‌ಗೆ ಹೋಗುತ್ತದೆ. ಅಲ್ಲಿಯವರೆಗೆ 120/76 ಇದ್ದ ಬಿಪಿ ನೋಡುನೋಡುತ್ತಲೇ 165/100 ಆಗಿಬಿಡುತ್ತದೆ, ನಾಡಿ ನೂರರ ಹತ್ತಿರ ಬರುತ್ತದೆ. ಹೊಟ್ಟೆಗೆ ಸಣ್ಣ ತೂತು ಮಾಡಿ ನಡೆಸುವ ಕೀಹೋಲ್ ಆಪರೇಷನ್‌ಗೆ ಅರಿವಳಿಕೆ ಕೊಡುವವರಿಗೆ ಇದು ದಿನದ ಪಾಡು. ಹೊಟ್ಟೆಯೊಳಗೆ 12ರಿಂದ 15 ಮಿಲಿಮೀಟರ್ ಪಾದರಸದ ಒತ್ತಡದಲ್ಲಿ ಕಾರ್ಬನ್ ಡೈಆಕ್ಸೈಡ್ ತುಂಬಿದರೆ ದೇಹ ಸುಮ್ನೆ ಇರುತ್ತದಾ? ಅಡ್ರಿನಾಲಿನ್, ವಾಸೊಪ್ರೆಸಿನ್ ಹಾರ್ಮೋನುಗಳು ಏರುತ್ತವೆ, ರಕ್ತನಾಳಗಳು ಬಿಗಿಯುತ್ತವೆ. ಗಟ್ಟಿ ಇರುವವರು ತಡೆದುಕೊಳ್ಳುತ್ತಾರೆ. ಮೊದಲೇ ಬಿಪಿ, ಹೃದಯದ ತೊಂದರೆ ಇರುವವರದೇ ಚಿಂತೆ.

ಮೊದಲೆಲ್ಲ ನಾನು ಏರಿದ ಬಿಪಿಯ ಹಿಂದೆ ಓಡುತ್ತಿದ್ದೆ. ನಿದ್ದೆ ಬರಿಸುವ ಐಸೊಫ್ಲುರೇನ್ ಜಾಸ್ತಿ ಮಾಡುವುದು, ನೋವು ತಗ್ಗಿಸುವ ಫೆಂಟನಿಲ್ ಇನ್ನೊಂದಿಷ್ಟು ಕೊಡುವುದು, ಆಮೇಲೆ ಗ್ಯಾಸ್ ಹೊರಗೆ ಬಿಟ್ಟಾಗ ಬಿಪಿ ದಡಕ್ಕನೆ ಕೆಳಗೆ ಬಿದ್ದರೆ ಅದಕ್ಕೆ ಮತ್ತೊಂದು ಔಷಧಿ. ಈಗ ಮೆಗ್ನೀಸಿಯಂ ಸಲ್ಫೇಟ್ ಹಿಡಿದಿದ್ದೇನೆ, ಬಸುರಿಯರಿಗೆ ಬಿಪಿ ಏರಿ ಫಿಟ್ಸ್ ಬರದಂತೆ ಕೊಡುತ್ತಾರಲ್ಲ, ಅದೇ. ಅಡ್ರಿನಾಲಿನ್ ಹೊರಬರುವುದನ್ನೇ ಅದು ತಗ್ಗಿಸುತ್ತದೆ, ಕ್ಯಾಲ್ಸಿಯಂಗೆ ಅಡ್ಡ ನಿಂತು ರಕ್ತನಾಳಗಳನ್ನೂ ಸಡಿಲ ಮಾಡುತ್ತದೆ.

ನನ್ನ ಲೆಕ್ಕ ಕೆಜಿಗೆ 30 ಮಿಗ್ರಾಂ. 60 ಕೆಜಿ ಇದ್ದರೆ 1.8 ಗ್ರಾಂ, ಅಂದರೆ 50 ಪರ್ಸೆಂಟ್ ಆಂಪ್ಯೂಲ್‌ನಿಂದ 3.6 ಮಿಲಿ. ಅದನ್ನು 100 ಮಿಲಿ ಸಲೈನ್‌ಗೆ ಸೇರಿಸಿ 15 ನಿಮಿಷ ಹನಿಸುತ್ತೇನೆ. ಅವಸರ ಮಾಡಿದರೆ ಬಿಪಿ ಬೀಳುತ್ತದೆ. ಕೆಜಿಗೆ 50 ಕೊಡುವವರೂ ಇದ್ದಾರೆ, ನಾನು ಆ ತಂಟೆಗೆ ಹೋಗುವುದಿಲ್ಲ. ರೋಗಿ ಎಚ್ಚರ ಇರುವಾಗಲೇ ಶುರು ಮಾಡುವುದರಿಂದ "ಮೈ ಬಿಸಿಬಿಸಿ ಆದರೆ ಹೆದರಬೇಡಿ" ಅಂತ ಮೊದಲೇ ಹೇಳಿರುತ್ತೇನೆ. ಹೀಗೆ ಕೊಟ್ಟವರಲ್ಲಿ ಗ್ಯಾಸ್ ಒಳಗೆ ಹೋದ ಮೇಲೂ ಬಿಪಿ ಹೆಚ್ಚಾಗಿ 130–140ರ ಆಸುಪಾಸಿನಲ್ಲೇ ನಿಲ್ಲುತ್ತದೆ.

ಆದರೆ ಶುರುವಿನಲ್ಲಿ ಒಂದು ಎಡವಟ್ಟು ಮಾಡಿದೆ. ಪಿತ್ತಕೋಶದ ಆಪರೇಷನ್. ಮೆಗ್ನೀಸಿಯಂ ಕೊಟ್ಟಿದ್ದೆ, ಸ್ನಾಯು ಸಡಿಲಿಸುವ ವೆಕುರೋನಿಯಂ ಮಾತ್ರ ಹಳೇ ಅಭ್ಯಾಸದಂತೆ ಗಡಿಯಾರ ನೋಡಿ ಕೊಡುತ್ತಾ ಹೋದೆ. ಮುಗಿದ ಮೇಲೆ ಆಕೆ ಕಣ್ಣು ಬಿಟ್ಟರು, ತಲೆ ಎತ್ತಲು ಆಗಲಿಲ್ಲ. ಉಸಿರು ಮೇಲುಮೇಲೆ. ಆ ಸಡಿಲಿಕೆ ಇಳಿಸುವ ನಿಯೋಸ್ಟಿಗ್ಮಿನ್ ಕೊಟ್ಟರೂ ಅಷ್ಟಕ್ಕಷ್ಟೇ. ಮತ್ತೆ ನಿದ್ದೆ ಮಾಡಿಸಿ 40 ನಿಮಿಷ ವೆಂಟಿಲೇಟರ್ ಮೇಲೆ ಇಟ್ಟುಕೊಂಡೆ. ನರದಿಂದ ಸ್ನಾಯುವಿಗೆ ಸಂದೇಶ ಒಯ್ಯುವ ಅಸಿಟೈಲ್‌ಕೋಲಿನ್ ಅನ್ನೂ ಮೆಗ್ನೀಸಿಯಂ ಕಡಿಮೆ ಮಾಡುತ್ತದೆ, ಹಾಗಾಗಿ ಸ್ನಾಯು ಸಡಿಲಿಸುವ ಔಷಧಿಯ ಜೋರು ಹೆಚ್ಚುತ್ತದೆ. ಓದಿದ್ದೆ, ಮರೆತಿದ್ದೆ. ತಪ್ಪು ನನ್ನದೇ.

ಈಗ ಮಣಿಕಟ್ಟಿಗೆ ನರ್ವ್ ಸ್ಟಿಮ್ಯುಲೇಟರ್ (ನರಕ್ಕೆ ಸಣ್ಣ ಕರೆಂಟ್ ಕೊಟ್ಟು ಸ್ನಾಯು ಮಿಡಿಯುತ್ತದಾ ನೋಡುವ ಯಂತ್ರ) ಹಚ್ಚದೆ ಇದಕ್ಕೆ ಕೈಹಾಕುವುದಿಲ್ಲ. ಹೆಬ್ಬೆರಳು ಮತ್ತೆ ಮಿಡಿಯದೆ ಇನ್ನೊಂದು ಡೋಸ್ ಇಲ್ಲ, ನಾಲ್ಕು ಮಿಡಿತಗಳಲ್ಲಿ ಕೊನೆಯದು ಮೊದಲನೆಯದರ 90 ಪರ್ಸೆಂಟ್ ಇದೆಯೆಂದು ಯಂತ್ರ ತೋರಿಸದೆ ಉಸಿರಿನ ಟ್ಯೂಬ್ ತೆಗೆಯುವುದಿಲ್ಲ. ಕಿಡ್ನಿ ಕೆಟ್ಟವರು, ಹಾರ್ಟ್ ಬ್ಲಾಕ್ (ಹೃದಯದ ವಿದ್ಯುತ್ ಸಂಕೇತಕ್ಕೆ ತಡೆ), ಮಯಸ್ತೇನಿಯಾ (ಸ್ನಾಯು ಸೋಲುವ ಕಾಯಿಲೆ) ಇರುವವರಿಗೆ ಕೊಡುವುದೇ ಇಲ್ಲ. ಮೆಗ್ನೀಸಿಯಂ ಜಾಸ್ತಿಯಾದರೆ ಕೊಡಲು ಟ್ರೇನಲ್ಲಿ ಕ್ಯಾಲ್ಸಿಯಂ ಗ್ಲುಕೋನೇಟ್ ಯಾವಾಗಲೂ ಇರುತ್ತದೆ. ಗ್ಯಾಸ್ ತುಂಬುವಾಗ ನಾಡಿ ಏರುವ ಬದಲು ಧುತ್ತೆಂದು ಕುಸಿದರೆ ಅದು ಬೇರೆ ಕಥೆ. ಹೊಟ್ಟೆ ಹಿಗ್ಗಿ, ನಾಡಿ ತಗ್ಗಿಸುವ ವೇಗಸ್ ನರ ಕೆರಳಿರುತ್ತದೆ, ಗ್ಯಾಸ್ ಹೊರಗೆ ಬಿಡಿಸಿ ನಾಡಿ ಏರಿಸುವ ಅಟ್ರೋಪಿನ್ ಕೊಡಬೇಕು.

ಉಳಿದ ಜಗಳವೆಲ್ಲ ಸಮಯದ್ದು. ಸರ್ಜನ್ ಕೈ ತೊಳೆದು ಬಂದು "ಶುರು ಮಾಡ್ಲಾ?" ಅನ್ನುತ್ತಾರೆ. ಬಾಟಲಿಯಲ್ಲಿ ಇನ್ನೂ 30 ಮಿಲಿ ಇರುತ್ತದೆ. "ಐದು ನಿಮಿಷ ಸರ್" ಅನ್ನುತ್ತೇನೆ. ಅವರು ಗಡಿಯಾರ ನೋಡುತ್ತಾರೆ, ನಾನು ಹನಿ ನೋಡುತ್ತೇನೆ.