ಪೊರ್ನೇಯ: ಸತ್ಯವೇದದ ಈ ಗ್ರೀಕ್ ಪದವನ್ನು ಓದುವುದು ಹೇಗೆ

ಸತ್ಯವೇದ, ಅಂದರೆ ಬೈಬಲ್, ಓದಲು ಕೂತಾಗ ‘ಜಾರತ್ವ’ ಅಂತ ಬಂದರೆ ಸಾಕು, ಎಲ್ಲರೂ ತಲೆ ತಗ್ಗಿಸಿ ಮುಂದಿನ ವಚನಕ್ಕೆ ಹೋಗಿಬಿಡುತ್ತೇವೆ. ಅರ್ಥ ಏನು ಅಂತ ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ಆದರೆ ಯಾರದೋ ಮದುವೆ ಮುರಿದಾಗ, ಯಾರನ್ನೋ ಸಭೆಯಿಂದ (ಚರ್ಚಿನಿಂದ) ದೂರ ಇಡಬೇಕಾದಾಗ ಇದೇ ಪದ ಕಲ್ಲಿನ ಹಾಗೆ ಬಂದು ಬೀಳುತ್ತದೆ. ಬೀಳುವ ಮೊದಲೇ ಅದನ್ನು ಸರಿಯಾಗಿ ತಿಳಿದುಕೊಳ್ಳೋಣ. ಗ್ರೀಕ್ ಬರಬೇಕಾಗಿಲ್ಲ, ಒಂದು ಸಂಜೆಯ ಬಿಡುವು ಸಾಕು.

ಮೊದಲು ಕನ್ನಡ ಪದವನ್ನು ಬದಿಗಿಡಿ. ನಮ್ಮ ಅನುವಾದಗಳಲ್ಲಿ ಒಂದು ಕಡೆ ಜಾರತ್ವ, ಇನ್ನೊಂದು ಕಡೆ ಹಾದರ, ಮತ್ತೆಲ್ಲೋ ವ್ಯಭಿಚಾರ ಅಂತ ಇರುತ್ತದೆ. ಕನ್ನಡ ಒಂದನ್ನೇ ನೋಡಿದರೆ ಕೆಳಗೆ ಯಾವ ಗ್ರೀಕ್ ಪದ ಇದೆ ಎಂದು ಗೊತ್ತಾಗುವುದಿಲ್ಲ. ಮೊಬೈಲಿನಲ್ಲಿ ಬ್ಲೂ ಲೆಟರ್ ಬೈಬಲ್ ಅಥವಾ ಬೈಬಲ್ ಹಬ್ ಎಂಬ ಜಾಲತಾಣ ತೆರೆದು, ಗ್ರೀಕ್ ಪದಗಳ ಪಟ್ಟಿಯಲ್ಲಿ ಸ್ಟ್ರಾಂಗ್ಸ್ ನಂಬರ್ 4202 ಹುಡುಕಿ (ಸತ್ಯವೇದದ ಪ್ರತಿ ಮೂಲಪದಕ್ಕೂ ಇಂಥದ್ದೊಂದು ನಂಬರ್ ಇದೆ). ಅದೇ ಪೊರ್ನೇಯ, ಜಾರತ್ವ ಅಂತ ನಾವು ಓದುವ ಗ್ರೀಕ್ ಪದ. ಗ್ರೀಕಿನಲ್ಲಿ ಬರೆದ ಹೊಸ ಒಡಂಬಡಿಕೆಯಲ್ಲಿ, ಅಂದರೆ ಸತ್ಯವೇದದ ಎರಡನೇ ಭಾಗದಲ್ಲಿ, 25 ಸಲ ಬರುತ್ತದೆ. ಕೆಲವು ಕಡೆ 26 ಅಂತ ತೋರಿಸಿದರೆ ಗಾಬರಿ ಬೇಡ, ರೋಮಾಪುರದವರಿಗೆ 1:29ರಲ್ಲಿ ಕೆಲವು ಕೈಬರಹದ ಪ್ರತಿಗಳಲ್ಲಿ ಈ ಪದ ಇದೆ, ಕೆಲವದರಲ್ಲಿ ಇಲ್ಲ.

ಆಮೇಲೆ ಬೇರು. ಪೊರ್ನೇ ಅಂದರೆ ಹಣಕ್ಕೆ ದೇಹ ಒಪ್ಪಿಸುವ ಹೆಂಗಸು. ಆ ಪದಕ್ಕೆ ‘ಮಾರು’ ಎಂಬ ಕ್ರಿಯಾಪದದ ನಂಟಿದೆ. ಆ ಕಾಲದಲ್ಲಿ ಇಂಥವರಲ್ಲಿ ಬಹಳ ಮಂದಿ ಗುಲಾಮರು, ನಿಜವಾಗಿಯೂ ಮಾರಾಟವಾದವರು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಆದರೆ ಬೇರಿಗೇ ನಿಲ್ಲಬೇಡಿ. ಕ್ರಿ.ಪೂ. 3ನೇ ಶತಮಾನದಿಂದ ಯೆಹೂದ್ಯರು ತಮ್ಮ ಹೀಬ್ರೂ ಗ್ರಂಥಗಳನ್ನು ಗ್ರೀಕಿಗೆ ತಂದರಲ್ಲ, ಆಗ ‘ಜಾನಾ’ (ಜಾರತ್ವ ಮಾಡು) ಎಂಬ ಹೀಬ್ರೂ ಕ್ರಿಯಾಪದಕ್ಕೂ ಅದರ ಕುಟುಂಬಕ್ಕೂ ಈ ಗ್ರೀಕ್ ಪದಗಳನ್ನೇ ಬಳಸಿದರು. ಅಲ್ಲಿಂದ ಅರ್ಥ ಅಗಲವಾಯಿತು. ಪ್ರವಾದಿ ಹೋಶೇಯನ ಪುಸ್ತಕದಲ್ಲಿ ದೇವರನ್ನು ಬಿಟ್ಟು ವಿಗ್ರಹಗಳ ಹಿಂದೆ ಹೋಗುವುದೂ ಪೊರ್ನೇಯವೇ. ಸತ್ಯವೇದದ ಕೊನೆಯ ಪುಸ್ತಕವಾದ ಪ್ರಕಟನೆಯ 17ನೇ ಅಧ್ಯಾಯದ ಬಾಬೆಲ್ ಎಂಬ ಹೆಂಗಸನ್ನು ಓದುವಾಗ ಹೋಶೇಯನನ್ನು ಪಕ್ಕದಲ್ಲಿಟ್ಟುಕೊಳ್ಳಿ. ಇಂಗ್ಲಿಷಿನ ಪೋರ್ನೋಗ್ರಫಿ ಎಂಬ ಪದ ಇದೇ ಬೇರಿನದು ನಿಜ, ಆದರೆ ಅದರ ಇಂದಿನ ಅರ್ಥವನ್ನು ಅಪೊಸ್ತಲ ಪೌಲನ ಕಾಗದದೊಳಗೆ ತುರುಕುವುದು ತಪ್ಪು.

ಈಗ ಮುಖ್ಯ ಕೆಲಸ. ಪ್ರತಿ ವಚನಕ್ಕೂ ಒಂದೇ ಪ್ರಶ್ನೆ ಕೇಳಿ: ಇಲ್ಲಿ ಯಾರು, ಯಾರ ಜೊತೆ, ಏನು ಮಾಡಿದ್ದಾರೆ? ಕೊರಿಂಥ ಎಂಬ ಊರಿನ ಸಭೆಗೆ ಪೌಲ ಬರೆದ ಕಾಗದ, 1 ಕೊರಿಂಥದವರಿಗೆ 5:1ರಲ್ಲಿ ಒಬ್ಬ ತನ್ನ ತಂದೆಯ ಹೆಂಡತಿಯನ್ನು ಇಟ್ಟುಕೊಂಡಿದ್ದಾನೆ. ಮುಂದಿನ ಅಧ್ಯಾಯದಲ್ಲಿ ಗಂಡಸರು ಸೂಳೆಯರ ಬಳಿ ಹೋಗುವ ಮಾತು. ಅಪೊಸ್ತಲರ ಕೃತ್ಯಗಳು 15ರಲ್ಲಿ ಯೆರೂಸಲೇಮಿನ ಸಭೆ ಅನ್ಯಜನರಿಂದ (ಯೆಹೂದ್ಯರಲ್ಲದವರಿಂದ) ಬಂದ ವಿಶ್ವಾಸಿಗಳಿಗೆ ಬಿಡಲು ಹೇಳಿದ ನಾಲ್ಕು ವಿಷಯಗಳಲ್ಲಿ ಇದೊಂದು. ಉಳಿದವು ವಿಗ್ರಹಕ್ಕೆ ಅರ್ಪಿಸಿದ್ದು, ರಕ್ತ, ಕುತ್ತಿಗೆ ಹಿಸುಕಿ ಕೊಂದದ್ದು. ಇವನ್ನು ನೋಡಿದ ಎಷ್ಟೋ ವಿದ್ವಾಂಸರು ರಕ್ತ ತಿನ್ನುವುದನ್ನೂ ಹತ್ತಿರದ ಸಂಬಂಧಿಗಳ ಜೊತೆ ಕೂಡುವುದನ್ನೂ ನಿಷೇಧಿಸುವ ಯಾಜಕಕಾಂಡ 17, 18ನೇ ಅಧ್ಯಾಯಗಳ ಕಡೆ ಕೈ ತೋರಿಸುತ್ತಾರೆ. ಅಂದರೆ ರಕ್ತಸಂಬಂಧದೊಳಗಿನ ನಿಷಿದ್ಧ ಕೂಟವೂ ಇದರಲ್ಲಿ ಸೇರುತ್ತದೆ. ಪದ ಒಂದೇ, ಬಣ್ಣ ಬೇರೆ ಬೇರೆ, ಅಲ್ವಾ?

ಜೊತೆಗಿರುವ ಪದವನ್ನೂ ನೋಡಿ. ಮೊಯ್ಖೇಯ ಎಂಬುದು ಮದುವೆಯ ನಂಬಿಕೆ ಮುರಿಯುವುದಕ್ಕೆ ಇರುವ ಬೇರೆಯೇ ಪದ. ಮತ್ತಾಯ 15:19ರಲ್ಲಿ ಎರಡೂ ಬೇರೆ ಬೇರೆಯಾಗಿ ಪಟ್ಟಿಯಲ್ಲಿವೆ. ಇದು ಮತ್ತಾಯ 19:9ಕ್ಕೆ ಬಂದಾಗ ತುಂಬಾ ಮುಖ್ಯವಾಗುತ್ತದೆ. ಹೆಂಡತಿಯನ್ನು ಬಿಡಲು ಅಲ್ಲಿ ಕೊಟ್ಟಿರುವ ಒಂದೇ ಕಾರಣಕ್ಕೆ ಪೊರ್ನೇಯ ಎಂಬ ಪದ ಇದೆ, ಅದೇ ವಾಕ್ಯದ ಕೊನೆಗೆ ಮೊಯ್ಖೇಯದ ಕ್ರಿಯಾಪದ ಇದೆ. ಅದು ಹೆಂಡತಿಯ ದಾಂಪತ್ಯದ್ರೋಹ ಎನ್ನುವವರು ಜಾಸ್ತಿ, ಮೋಶೆಯ ಧರ್ಮಶಾಸ್ತ್ರ ಒಪ್ಪದ ಹತ್ತಿರದ ಸಂಬಂಧದ ಮದುವೆ ಎನ್ನುವವರಿದ್ದಾರೆ, ನಿಶ್ಚಿತಾರ್ಥದ ನಂತರದ ತಪ್ಪು ಎನ್ನುವವರೂ ಇದ್ದಾರೆ. ನನಗೆ ಮೊದಲನೆಯದೇ ಸಹಜ ಅನಿಸುತ್ತದೆ, ಏಕೆಂದರೆ ಅಗಲವಾದ ಪದದೊಳಗೆ ಅದು ಸುಲಭವಾಗಿ ಕೂರುತ್ತದೆ. ಆದರೆ ಈ ಒಂದು ವಚನ ಹಿಡಿದು ಇನ್ನೊಬ್ಬರ ಮನೆಯ ತೀರ್ಪು ಬರೆಯುವ ಮುಂಚೆ ಇಷ್ಟು ಮಾತು ಇದೆ ಎಂಬುದಾದರೂ ಗೊತ್ತಿರಬೇಕು.

ಪ್ರಸಂಗದಲ್ಲಿ ಕೇಳಿದ ಇತಿಹಾಸವನ್ನೂ ಒಮ್ಮೆ ಪರೀಕ್ಷಿಸಿ. ಕೊರಿಂಥದಲ್ಲಿ ಅಫ್ರೋದಿತೆ ಎಂಬ ಗ್ರೀಕ್ ಪ್ರೇಮದೇವತೆಯ ಗುಡಿಗೆ ಸಾವಿರ ಮಂದಿ ಸೂಳೆಯರಿದ್ದರು ಅಂತ ಹೇಳುತ್ತಾರಲ್ಲ, ಅದು ಸ್ಟ್ರಾಬೋ ಎಂಬ ಭೂಗೋಳಕಾರ ಹಳೆಯ ಕೊರಿಂಥದ ಬಗ್ಗೆ ಬರೆದದ್ದು. ಆ ಊರನ್ನು ರೋಮನ್ನರು ಕ್ರಿ.ಪೂ. 146ರಲ್ಲೇ ನಾಶಮಾಡಿದ್ದರು. ಪೌಲ ಕಂಡದ್ದು ಕ್ರಿ.ಪೂ. 44ರಲ್ಲಿ ಮತ್ತೆ ಕಟ್ಟಲು ಶುರುಮಾಡಿದ ರೋಮನ್ ಊರು. ಹಳೆಯ ಊರಿನ ಬಗ್ಗೆಯೂ ಆ ಲೆಕ್ಕವನ್ನು ನಂಬದ ವಿದ್ವಾಂಸರಿದ್ದಾರೆ.

ಕೊನೆಗೆ, ಪದ ಯಾರ ಮೇಲೆ ಬೀಳುತ್ತಿದೆ ಎಂದು ನೋಡಿ. ನಮ್ಮಲ್ಲಿ ಹಾದರ ಅಂದ ಕೂಡಲೇ ಬೆರಳು ಹೆಂಗಸಿನ ಕಡೆ ತಿರುಗುತ್ತದೆ. 1 ಕೊರಿಂಥ 5ನ್ನು ಮತ್ತೆ ಓದಿ, ಪೌಲ ಹೊರಗೆ ಹಾಕಿ ಎನ್ನುವುದು ಆ ಗಂಡಸನ್ನು, ಹೆಂಗಸಿಗೆ ಏನು ಮಾಡಬೇಕೆಂದು ಒಂದು ಮಾತೂ ಇಲ್ಲ. 6:18ರಲ್ಲಿ ‘ಓಡಿಹೋಗಿರಿ’ ಎನ್ನುವಾಗ ಅವನ ಮುಂದಿರುವುದು ಹಣ ಕೊಟ್ಟು ಹೋಗುವ ಗಂಡಸರ ಮಾತು. ಇಷ್ಟಾದ ಮೇಲೆ ಸ್ಟ್ರಾಂಗ್ಸ್ 4204 ಒತ್ತಿ, ಅದು ಪೊರ್ನೇ, ಮಾರಾಟವಾದ ಹೆಂಗಸಿನ ಪದ. ಇಬ್ರಿಯರಿಗೆ 11:31ರಲ್ಲಿ ಯೆರಿಕೋ ಊರಿನ ರಾಹಾಬಳಿಗೆ ಅದೇ ಹೆಸರು, ನಂಬಿಕೆಯ ವೀರರ ಸಾಲಿನಲ್ಲಿ. ಮತ್ತಾಯ 21:31ರಲ್ಲಿ ಯೇಸು ದೇವಾಲಯದ ಮುಖ್ಯಯಾಜಕರ ಎದುರು ನಿಂತು, ಇವರು ನಿಮಗಿಂತ ಮುಂಚೆ ದೇವರ ರಾಜ್ಯಕ್ಕೆ ಹೋಗುತ್ತಾರೆ ಅನ್ನುವುದೂ ಇದೇ ಹೆಂಗಸರ ಬಗ್ಗೆ.