ಗಲ್ಲಾಪೆಟ್ಟಿಗೆ, ಅಕ್ಕಿ ಡಬ್ಬಿ ಮತ್ತು ಮೊದಲಿನ ಪ್ರೀತಿ

ದೇವರ ಮೇಲಿನ ಪ್ರೀತಿಯನ್ನು ದಿನದ ಹೊತ್ತಿನಲ್ಲಿ, ದುಡ್ಡಿನಲ್ಲಿ ಲೆಕ್ಕವಿಟ್ಟು ನಡೆಸುವ ಪದ್ಧತಿಯೊಂದು ನಮ್ಮ ಮನೆಯಲ್ಲಿದೆ. ಮನೆಗಳಲ್ಲಿ ಸೇರುವ ಪ್ರಾರ್ಥನೆಯ ಮನೆಕೂಟದಲ್ಲಿ ಅದನ್ನು ಹೇಳಿದಾಗ ಬಂದ ಆಕ್ಷೇಪ ಒಂದೇ: "ದೇವರ ಮೇಲಿನ ಪ್ರೀತಿಗೆ ಗಡಿಯಾರ, ತಕ್ಕಡಿ ಇಡ್ತೀರಾ? ಇದು ನಿಯಮಶಾಸ್ತ್ರ ಆಯ್ತು, ಕೃಪೆ ಎಲ್ಲಿ?" ಉತ್ತರ ಸತ್ಯವೇದದ (ಬೈಬಲಿನ) ಪ್ರಕಟನೆ ಪುಸ್ತಕದ 2ನೇ ಅಧ್ಯಾಯದಲ್ಲೇ ಇದೆ. ಮೊದಲಿನ ಪ್ರೀತಿ ಬಿಟ್ಟ ಎಫೆಸ ಪಟ್ಟಣದ ಕ್ರೈಸ್ತ ಸಭೆಗೆ ಕರ್ತನಾದ ಯೇಸು ಕೊಟ್ಟ ಮದ್ದು, ಮೊದಲು ಮಾಡುತ್ತಿದ್ದ ಕೃತ್ಯಗಳನ್ನು ಮತ್ತೆ ಮಾಡು ಎಂದು. ಭಾವನೆ ಬರಲಿ ಎಂದು ಕಾಯಲು ಹೇಳಲಿಲ್ಲ. ಕೃತ್ಯ ಅಂದ ಮೇಲೆ ಹೊತ್ತು, ದುಡ್ಡು, ಶಟರು, ಡಬ್ಬಿ ಎಲ್ಲವೂ ಬರುತ್ತವೆ. ದೇವರನ್ನು ಪೂರ್ಣ ಹೃದಯದಿಂದ ಪ್ರೀತಿಸು ಎನ್ನುವ ಮತ್ತಾಯ 22:37 ಎಲ್ಲರಿಗೂ ಬಾಯಿಪಾಠ, ಅದರ ವ್ಯಾಖ್ಯಾನಕ್ಕೆ ಹೋಗುವುದಿಲ್ಲ. ಕಿರಾಣಿ ಅಂಗಡಿಯ ಆದಾಯದ ಮೇಲೆ ನಡೆಯುವ ಒಂದು ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಮನೆಯಲ್ಲಿ ಇದು ಹೇಗೆ ನೆಲೆಯೂರಿತು ಅನ್ನುವುದಷ್ಟೇ ಇಲ್ಲಿದೆ. ನೆಲೆಯೂರಿ ಮೂರು ವರ್ಷ ದಾಟಿತು. ಆಗ ನಕ್ಕವರಲ್ಲಿ ಇಬ್ಬರು ಈಗ ಲೆಕ್ಕದ ಪುಸ್ತಕ ಕೇಳಿ ಒಯ್ದಿದ್ದಾರೆ.

ದುಡ್ಡಿನಿಂದಲೇ ಶುರು ಮಾಡಿ. ಪ್ರಾರ್ಥನೆಯಿಂದ ಶುರು ಮಾಡಿದರೆ ನಮ್ಮನ್ನು ನಾವೇ ಮೋಸ ಮಾಡಿಕೊಳ್ಳುವುದು ಸುಲಭ, ಪಾಸ್‌ಬುಕ್ಕಿನಲ್ಲಿ ಅದು ನಡೆಯುವುದಿಲ್ಲ. ಹಿಂದಿನ ಮೂರು ತಿಂಗಳ ಎಂಟ್ರಿ ಮುಂದಿಟ್ಟು, ದೇವರ ಹೆಸರಿನಲ್ಲಿ ಹೋದದ್ದಕ್ಕೆಲ್ಲ ಹಸಿರು ಪೆನ್ಸಿಲ್ ಎಳೆಯಿರಿ. ನಮ್ಮದರಲ್ಲಿ ಬಿದ್ದದ್ದು ನಾಲ್ಕೋ ಐದೋ ಗೆರೆ, ಮೊಬೈಲ್ ರೀಚಾರ್ಜಿನ ಗೆರೆ ಅದಕ್ಕಿಂತ ಹೆಚ್ಚು.

ಮೊದಲ ತಪ್ಪು, ತಿಂಗಳ ಕೊನೆಗೆ ಲೆಕ್ಕ ಹಾಕಿದ್ದು. ಬಾಡಿಗೆ, ಕರೆಂಟು, ಹೋಲ್‌ಸೇಲಿನವನ ಬಾಕಿ ಕಳೆದ ಮೇಲೆ ದಶಮಾಂಶಕ್ಕೆ, ಅಂದರೆ ಗಳಿಕೆಯಲ್ಲಿ ದೇವರಿಗೆ ಕೊಡುವ ಹತ್ತನೇ ಒಂದು ಪಾಲಿಗೆ, ಏನೂ ಉಳಿಯುವುದಿಲ್ಲ, ಉಳಿದರೂ ಅದು ಮೊದಲಿಗೆ ತೆಗೆದಿಟ್ಟ ಪ್ರಥಮಫಲವಲ್ಲ, ಮಿಕ್ಕಿದ್ದು. ಎರಡನೆಯ ತಪ್ಪು ಉಲ್ಟಾ: ಉತ್ಸಾಹದಲ್ಲಿ ಪೂರ್ತಿ ವ್ಯಾಪಾರದ ಮೇಲೆ ಹತ್ತನೇ ಒಂದು ತೆಗೆದದ್ದು. ಕಿರಾಣಿಯಲ್ಲಿ ಕೈಗೆ ಉಳಿಯುವುದೇ ನೂರಕ್ಕೆ ಎಂಟು ಹತ್ತು ರೂಪಾಯಿ. ದಿನಕ್ಕೆ 9,000 ವ್ಯಾಪಾರವಾದರೆ 900 ಎತ್ತುವುದು ಅಂದರೆ ಬಂಡವಾಳವನ್ನೇ ಎತ್ತಿದ ಹಾಗೆ. ಎರಡು ತಿಂಗಳಲ್ಲಿ ಎಣ್ಣೆ ಡಬ್ಬದ ಸ್ಟಾಕು ಅರ್ಧಕ್ಕೆ ಬಂತು, ಸಾಲ ಕೊಟ್ಟವರ ದುಡ್ಡಿನಲ್ಲಿ ಕಾಣಿಕೆ ಹಾಕಿದಂತಾಯಿತು. ಸತ್ಯವೇದದಲ್ಲಿರುವ ಹೊಲದ ಬೆಳೆಯ ಲೆಕ್ಕ ಅಂಗಡಿಗೆ ನೇರವಾಗಿ ಕೂಡುವುದಿಲ್ಲ, ಲಾಭದ ಮೇಲೆ ತೆಗೆಯಬೇಕು. ಆಗ ದಿನಕ್ಕೆ ಸುಮಾರು 90 ರೂಪಾಯಿ.

ಈ 90 ರೂಪಾಯಿ ಬೆಳಿಗ್ಗೆ ಗಲ್ಲಾ ತೆಗೆಯುವ ಮೊದಲೇ ಬೇರೆಯಾಗಬೇಕು. ತಗಡಿನ ಡಬ್ಬಿ ಚೆನ್ನಾಗಿ ನಡೆಯಿತು, ಕ್ಯೂಆರ್ ಕೋಡ್ ಬರುವವರೆಗೆ. ಮುಕ್ಕಾಲು ವ್ಯಾಪಾರ ಫೋನಿನಲ್ಲಾದ ಮೇಲೆ ಡಬ್ಬಿ ಖಾಲಿ, ಮನಸ್ಸಿಗೆ ಮಾತ್ರ ಕೊಟ್ಟ ತೃಪ್ತಿ. ಈಗ ಎರಡನೇ ಉಳಿತಾಯ ಖಾತೆ ಇದೆ, ಅದಕ್ಕೆ ಎಟಿಎಂ ಕಾರ್ಡ್ ತೆಗೆದುಕೊಂಡಿಲ್ಲ. ಹಿಂದಿನ ದಿನದ ಪಾಲು ಮಾರನೆಯ ಬೆಳಿಗ್ಗೆ ವರ್ಗ. ಸಂಬಳದವರಿಗೆ ಇನ್ನೂ ಸುಲಭ: ಸಂಬಳ ಬೀಳುವ ದಿನಕ್ಕೇ ದುಡ್ಡು ತಾನಾಗಿ ವರ್ಗವಾಗುವಂತೆ ಬ್ಯಾಂಕಿಗೆ ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್ ಕೊಟ್ಟುಬಿಡಿ, ಐದನೇ ತಾರೀಖಿಗೆ ಬೇಡ. ಐದರೊಳಗೆ ಏನೇನಾಗುತ್ತದೆ ಎಂದು ಗೊತ್ತೇ ಇದೆ.

ಆ ಖಾತೆಯಿಂದ ಕೈಗಡ ತೆಗೆಯುವ ಚಾಳಿ ಬಿಡಿಸಿದ್ದು ಯಾಜಕಕಾಂಡ 27:31. ದಶಮಾಂಶದಲ್ಲಿ ಏನನ್ನಾದರೂ ಬಿಡಿಸಿಕೊಂಡರೆ ಐದನೇ ಒಂದು ಭಾಗ ಕೂಡಿಸಿ ಕೊಡಬೇಕೆಂದು ಅಲ್ಲಿದೆ. ಅದು ಬೆಳೆಗೆ ಹೇಳಿದ ಮಾತು, ನಾವು ಕೈಗಡಕ್ಕೆ ಹಚ್ಚಿಕೊಂಡೆವು: 500 ತೆಗೆದರೆ 600 ವಾಪಸ್. ನೂರು ರೂಪಾಯಿ ಎರಡು ಸಲ ಚುಚ್ಚಿದ ಮೇಲೆ ಯಾರೂ ಮುಟ್ಟಲಿಲ್ಲ.

ಭಾನುವಾರದ ಶಟರಿನ ವಿಷಯದಲ್ಲಿ ಹೆಚ್ಚು ಮಾತು ಕೇಳಬೇಕಾಯಿತು. ವಾರದ ವ್ಯಾಪಾರದಲ್ಲಿ ಐದನೇ ಒಂದು ಪಾಲು ಭಾನುವಾರದ್ದೇ. ಮೊದಲು ಹಾಕಿದ್ದು ಅರ್ಧ ಶಟರು, ಆರಾಧನೆ ಮುಗಿಸಿ ಬಂದು ಪೂರ್ತಿ ತೆಗೆಯುವುದು. ಇದು ಎಲ್ಲಕ್ಕಿಂತ ಕೆಟ್ಟ ಏರ್ಪಾಡು. ಗಿರಾಕಿ ಬಗ್ಗಿ ಒಳಗೆ ಬಂದೇ ಬರುತ್ತಾನೆ. ಪ್ರಸಂಗ ಹತ್ತು ನಿಮಿಷ ಉದ್ದವಾದರೆ ಸಭಾಪಾಲಕರ ಮೇಲೆ ಸಿಟ್ಟು. ಒಂದೋ ಪೂರ್ತಿ ತೆಗೆಯಿರಿ, ಇಲ್ಲವೇ ಪೂರ್ತಿ ಬೀಗ ಹಾಕಿ.

ಬೀಗ ಹಾಕಿದ ಮೊದಲ ತಿಂಗಳು ನಷ್ಟ ಹೆಚ್ಚಾದದ್ದು ವ್ಯಾಪಾರ ಹೋದದ್ದರಿಂದಲ್ಲ, ಬ್ರೆಡ್ಡು ಮೊಸರು ಹಳಸಿದ್ದರಿಂದ. ಶನಿವಾರದ ಬ್ರೆಡ್ ಆರ್ಡರನ್ನು ಮೂರರಲ್ಲಿ ಎರಡು ಪಾಲಿಗೆ ಇಳಿಸಬೇಕು, ಹಾಲು ಮೊಸರು ಮಧ್ಯಾಹ್ನದ ಮೇಲೆ ತರಿಸಲೇಬಾರದು. ಆಮೇಲೆ ಮನ್ನದ ಲೆಕ್ಕ: ಅರಣ್ಯದಲ್ಲಿ ದೇವರು ಕೊಟ್ಟ ಮನ್ನ ಎಂಬ ಆಹಾರವನ್ನು ಇಸ್ರಾಯೇಲ್ಯರು ಸಬ್ಬತ್ತಿನ ಹಿಂದಿನ ಆರನೇ ದಿನ ಎರಡರಷ್ಟು ಕೂಡಿಸಿಕೊಂಡರು. ಶನಿವಾರ ರಾತ್ರಿ ಹತ್ತರವರೆಗೆ ಅಂಗಡಿ, ಫೋನಿನಲ್ಲಿ ಬಂದ ಚೀಟಿಯ ಸಾಮಾನು ಮನೆಗೇ. "ನಾಳೆ ರಜೆ" ಬೋರ್ಡು ಶುಕ್ರವಾರವೇ ತೂಗಬೇಕು. ನಾಲ್ಕೈದು ತಿಂಗಳಲ್ಲಿ ಹೋದದ್ದರಲ್ಲಿ ಮೂರನೇ ಎರಡು ಪಾಲು ಶನಿವಾರಕ್ಕೆ ವಾಪಸ್ ಬಂತು. ಉಳಿದದ್ದು ಬರಲಿಲ್ಲ. "ದೇವರಿಗೆ ಕೊಟ್ಟರೆ ನೂರ್ಮಡಿ ಬರುತ್ತದೆ" ಎಂದು ಸಾಕ್ಷಿ ಹೇಳುವವರ ಪೈಕಿ ನಾನಲ್ಲ. ತಿಂಗಳಿಗೆ ಒಂದೂವರೆ ಸಾವಿರದ ಖೋತಾ ಇದ್ದೇ ಇದೆ, ಅದನ್ನು ಕಾಣಿಕೆ ಅಂಕಣದಲ್ಲೇ ಬರೆಯುತ್ತೇವೆ.

ಮುಂಜಾನೆಯ ಪ್ರಾರ್ಥನೆಯ ಅರ್ಧ ಗಂಟೆಗೆ ಸಲಕರಣೆ ಕಡಿಮೆ: ದಪ್ಪಕ್ಷರದ ಸತ್ಯವೇದ, ನೂರು ಪುಟದ ನೋಟ್‌ಬುಕ್, ಗೋಡೆ ಗಡಿಯಾರ. ಫೋನಿನ ಚಾರ್ಜರ್ ಮಲಗುವ ಕೋಣೆಯಿಂದ ಅಡುಗೆಮನೆಗೆ ಹೋಗಬೇಕು. ಫೋನಿನಲ್ಲೇ ಓದಿದರೆ ಕೀರ್ತನೆಯ ಮೂರನೇ ವಚನಕ್ಕೆ ಹೋಲ್‌ಸೇಲಿನವನ ರೇಟ್ ಲಿಸ್ಟ್ ಬರುತ್ತದೆ.

ಇಲ್ಲಿ ವರ್ಷಗಟ್ಟಲೆ ನಡೆದ ತಪ್ಪು, ಬೇಡಿಕೆಯಿಂದ ಶುರು ಮಾಡಿದ್ದು. ಕಣ್ಣು ಮುಚ್ಚಿದ ಕೂಡಲೇ ಸಾಲ, ಶುಗರು, ಮಗಳ ಸೀಟು. ಅರ್ಧ ಗಂಟೆ ದೇವರ ಮುಂದೆ ನಮ್ಮ ಬಗ್ಗೆಯೇ ಯೋಚಿಸಿ ಎದ್ದಂತಾಯಿತು. ಈಗ ಮೊದಲ ಹತ್ತು ನಿಮಿಷ ಏನನ್ನೂ ಕೇಳುವಂತಿಲ್ಲ. 63, 103, 145, ಈ ಮೂರು ಕೀರ್ತನೆಗಳಲ್ಲಿ ಒಂದನ್ನು ಗಟ್ಟಿಯಾಗಿ ಓದಿ ಸ್ತುತಿ, ಸ್ತೋತ್ರ ಅಷ್ಟೇ. ಆಮೇಲೆ ಓದು, ಬೇಡಿಕೆ ಕೊನೆಯ ಏಳೆಂಟು ನಿಮಿಷಕ್ಕೆ. ಮೊದಲ ಮೂರು ವಾರ ಆ ಹತ್ತು ನಿಮಿಷ ಒಣಮರಳು ಅಗಿದ ಹಾಗಿರುತ್ತದೆ, ಅಲ್ಲಿಗೇ ಹೆಚ್ಚಿನವರು ಬಿಡುತ್ತಾರೆ. ನಮ್ಮಲ್ಲಿ ಆರನೇ ವಾರಕ್ಕೆ ಹದವಾಯಿತು. ಈಗಲೂ ತಿಂಗಳಿಗೆ ಮೂರ್ನಾಲ್ಕು ದಿನ ತಪ್ಪುತ್ತದೆ. ತಪ್ಪಿದ್ದನ್ನು ಮಾರನೆಯ ದಿನ ಡಬಲ್ ಮಾಡಿ ತೀರಿಸಲು ಹೋಗಬೇಡಿ, ಹಾಗೆ ಹೋದವರು ವಾರದಲ್ಲಿ ಪೂರ್ತಿ ನಿಲ್ಲಿಸುತ್ತಾರೆ.

ಓದಿನ ಲೆಕ್ಕ: ಸತ್ಯವೇದದಲ್ಲಿ ಒಟ್ಟು 1,189 ಅಧ್ಯಾಯ. ದಿನಕ್ಕೆ ಮೂರು, ಭಾನುವಾರ ಐದು ಓದಿದರೆ ವರ್ಷಕ್ಕೆ ಮುಗಿಯುತ್ತದೆ. ಆದರೆ ಆದಿಕಾಂಡದ 50, ವಿಮೋಚನಕಾಂಡದ 40 ದಾಟಿ ಜನವರಿ ಕೊನೆಗೆ ಯಾಜಕಕಾಂಡಕ್ಕೆ ಬಂದಾಗ ಗಾಡಿ ನಿಲ್ಲುತ್ತದೆ, ನಮ್ಮದೂ ಎರಡು ಸಲ ಅಲ್ಲೇ ನಿಂತಿತು. ನಾವು ವರ್ಷದ ಹಟ ಬಿಟ್ಟು ಬೇರೆ ದಾರಿ ಹಿಡಿದೆವು. ನಾಲ್ಕು ಸುವಾರ್ತೆಗಳದ್ದು ಒಟ್ಟು 89 ಅಧ್ಯಾಯ, ದಿನಕ್ಕೊಂದರಂತೆ ವರ್ಷಕ್ಕೆ ನಾಲ್ಕು ಸುತ್ತು. ಅದರ ಜೊತೆಗೆ ಹಳೆಯ ಒಡಂಬಡಿಕೆ ದಿನಕ್ಕೊಂದೇ ಅಧ್ಯಾಯ, ಎರಡೂವರೆ ವರ್ಷವಾದರೂ ಆಗಲಿ. ಪ್ರೀತಿಸಬೇಕಾದವನ ಮುಖವನ್ನು ದಿನಾ ನೋಡದೆ ಪ್ರೀತಿ ಎಲ್ಲಿಂದ ಬರಬೇಕು? 119ನೇ ಕೀರ್ತನೆಯ 176 ವಚನಗಳನ್ನು ಮಾತ್ರ ಒಂದೇ ದಿನಕ್ಕೆ ಇಡಬೇಡಿ. ಎಂಟೆಂಟು ವಚನಗಳ 22 ಭಾಗ ಅದರಲ್ಲೇ ಇದೆ, 22 ದಿನಕ್ಕೆ ಹಂಚಿ.

ಅಕ್ಕಿ ಡಬ್ಬಿ ಇವುಗಳ ಪಕ್ಕದಲ್ಲೇ ನಡೆದ ಪ್ರಯೋಗ. ಮಿಜೋರಾಂನ ಸಭೆಗಳಲ್ಲಿ 1910ರಿಂದ ನಡೆದುಬಂದ ಪದ್ಧತಿ, ಅಡುಗೆಗೆ ಅಕ್ಕಿ ಅಳೆಯುವಾಗಲೆಲ್ಲ ಒಂದು ಹಿಡಿ ದೇವರಿಗೆ ಎಂದು ತೆಗೆದಿಡುವುದು. ನಮ್ಮ ಹಿಡಿ ತೂಗಿದರೆ 45 ಗ್ರಾಂ ಆಸುಪಾಸು. ದಿನಕ್ಕೆ ಎರಡು ಹೊತ್ತಿನಂತೆ ತಿಂಗಳಿಗೆ ಎರಡೂವರೆಯಿಂದ ಮೂರು ಕಿಲೋ. ಎರಡು ತೊಂದರೆ ಬಂದವು. ಮೆಲ್ಲಗೆ ತುಂಬುವ ಡಬ್ಬಿಗೆ ನುಸಿ ಬೀಳುತ್ತದೆ, ಒಣಮೆಣಸಿನಕಾಯಿ ಹಾಕಿ ತಿಂಗಳೊಳಗೆ ಕೊಟ್ಟುಬಿಡಬೇಕು. ಎರಡನೆಯದು ನಾಚಿಕೆಯದು: ನಾವು ತಿನ್ನುವುದು ಸೋನಾ ಮಸೂರಿ, ನಮಗೆ ಗೊತ್ತಿಲ್ಲದೆಯೇ ಡಬ್ಬಿಗೆ ರೇಷನ್ ಅಕ್ಕಿಯೂ ಹೋಗುತ್ತಿತ್ತು. ಎರಡೂ ಬೆರೆತ ಅಕ್ಕಿ ಒಂದು ಅಗುಳು ಮೆತ್ತಗೆ, ಒಂದು ಗಟ್ಟಿ. ಪಡೆದ ವಿಧವೆಯೊಬ್ಬರು "ಅನ್ನ ಸರಿಯಾಗಿ ಬೇಯೋದಿಲ್ಲ ಅಕ್ಕಾ" ಅಂದಾಗಲೇ ತಿಳಿದದ್ದು. ಪ್ರವಾದಿ ಮಲಾಕಿಯ ಕಾಲದಲ್ಲಿ ಕುಂಟು ಕುರಿ ಅರ್ಪಿಸಿದವರಿಗೂ ನಮಗೂ ವ್ಯತ್ಯಾಸ ಇರಲಿಲ್ಲ. ಈಗ ಮೊದಲ ಹಿಡಿ ತಿನ್ನುವ ಚೀಲದಿಂದಲೇ.

ಇನ್ನೊಂದು ಗುಂಡಿಯನ್ನು ಹೇಳಲೇಬೇಕು, ಕೊರ್ಬಾನ್. ಮಾರ್ಕ 7ರಲ್ಲಿ ಕರ್ತನು ಬೈದದ್ದು ದೇವರಿಗೆ ಕೊಟ್ಟೆನೆಂದು ಹೇಳಿ ಅಪ್ಪ ಅಮ್ಮನನ್ನು ಕೈಬಿಟ್ಟವರನ್ನು. ದೇವರು ಮೊದಲು ಅಂದ ಕೂಡಲೇ ಅತ್ತೆಯ ಮಾತ್ರೆಯ ದುಡ್ಡು, ಹೆಂಡತಿಗೆ ಕೊಡಬೇಕಾದ ಹೊತ್ತು ಹಿಂದೆ ಸರಿಯುತ್ತದೆ. ಹೀಗಾಗಿ ಲೆಕ್ಕದ ಪುಸ್ತಕದಲ್ಲಿ ಮನೆಯ ಹಿರಿಯರ ಔಷಧಿಯ ಅಂಕಣ ದಶಮಾಂಶದ ಪಕ್ಕದಲ್ಲೇ ಇದೆ, ಒಂದು ತುಂಬದೆ ಇನ್ನೊಂದರ ಕೆಳಗೆ ಗೆರೆ ಎಳೆಯುವುದಿಲ್ಲ. ಮುಂಜಾನೆಯ ಅರ್ಧ ಗಂಟೆಯೂ ನಿದ್ದೆಯಿಂದ ಬರಬೇಕು, ಹೆಂಡತಿಗೆ ನೀರು ತುಂಬಿಕೊಡುವ ಹೊತ್ತಿನಿಂದಲ್ಲ.

ಈಸ್ಟರಿಗೆ ಮುಂಚಿನ ಉಪವಾಸಕಾಲವಾದ ಲೆಂಟ್‌ನಲ್ಲಿ ಮಧ್ಯಾಹ್ನದ ಊಟ ಬಿಟ್ಟು ಅದರ 70 ರೂಪಾಯಿ ಕೂಡಿಡುವ ಪ್ರಯೋಗ ಮಾತ್ರ ಇನ್ನೂ ಹತ್ತಿಲ್ಲ. ಮನೆಯಲ್ಲಿ ಉಳಿದವರಿಗೆ ಅಡುಗೆ ಆಗಿಯೇ ಆಗುವುದರಿಂದ 70 ಉಳಿಯುವುದಿಲ್ಲ, ಹತ್ತಿಪ್ಪತ್ತು ಉಳಿದರೆ ಹೆಚ್ಚು, ಸಂಜೆಗೆ ಗಿರಾಕಿಗಳ ಮೇಲೆ ಸಿಡುಕು ಬೇರೆ. ಲೆಂಟ್ ಶುರುವಾಗುವ ಮುಂದಿನ ಬೂದಿ ಬುಧವಾರದಿಂದ ಊಟದ ಬದಲು ಸಂಜೆಯ ಚಹಾ, ಖಾರಾ ಬಿಟ್ಟು ನೋಡುವುದೆಂದು ಮಾತಾಗಿದೆ. ಭಾನುವಾರಗಳನ್ನು ಬಿಟ್ಟು 40 ದಿನ, ದಿನಕ್ಕೆ 25ರಂತೆ ಸಾವಿರ ರೂಪಾಯಿ.