ಲ್ಯಾಪ್‌ಟಾಪಿನಲ್ಲೇ ಬ್ರಹ್ಮಾಂಡದ ಹಳೇ ಬೆಳಕು ಅಳೆದೆ

ಬ್ರಹ್ಮಾಂಡ ಎಳೆಯದಾಗಿದ್ದಾಗ ಹೊರಟ ಬೆಳಕು ಈಗ ಮೈಕ್ರೋವೇವ್ ಆಗಿ ಎಲ್ಲ ದಿಕ್ಕಿನಿಂದಲೂ ಬರುತ್ತಿದೆ. ಅದನ್ನು ಅಳೆದ ಪ್ಲಾಂಕ್ ಉಪಗ್ರಹದ ನಕ್ಷೆಗಳು ಯಾರಿಗೆ ಬೇಕಾದರೂ ಪುಕ್ಕಟೆ ಸಿಗುತ್ತವೆ. ನಾನು 2018ರ ‘ಸ್ಮಿಕಾ’ ನಕ್ಷೆ ಇಳಿಸಿಕೊಂಡೆ. ಅದರಲ್ಲಿ ಇಡೀ ಆಕಾಶ 5 ಕೋಟಿಗೂ ಹೆಚ್ಚು ಚುಕ್ಕಿಗಳಾಗಿದೆ. 2.725 ಕೆಲ್ವಿನ್ ಸರಾಸರಿಗಿಂತ ಆ ಜಾಗ ಎಷ್ಟು ಬಿಸಿ, ಎಷ್ಟು ತಂಪು ಅಂತ ಪ್ರತಿ ಚುಕ್ಕಿಯಲ್ಲೂ ಒಂದು ಸಂಖ್ಯೆ. ವ್ಯತ್ಯಾಸ ಲಕ್ಷದಲ್ಲಿ ಕೆಲವೇ ಪಾಲು.

ಸುಮ್ನೆ ನೋಡಿದರೆ ಕೆಂಪು, ನೀಲಿ ಕಲೆಗಳು ಅಷ್ಟೇ. ಯಾವ ಗಾತ್ರದ ಕಲೆ ಎಷ್ಟು ಜೋರಾಗಿದೆ ಅಂತ ಲೆಕ್ಕ ಹಾಕಬೇಕು. ಪೈಥಾನ್ ಭಾಷೆಯ ‘ಹೀಲ್‌ಪೈ’ ಲೈಬ್ರರಿಯಲ್ಲಿ ಅದಕ್ಕೆ ‘ಅನಾಫಾಸ್ಟ್’ ಎಂಬ ಒಂದೇ ಫಂಕ್ಷನ್ ಸಾಕು. ಮೊದಲು ಮಾತ್ರ ಹಾಲುಹಾದಿಯನ್ನು ಮುಚ್ಚಲೇಬೇಕು, ಅಲ್ಲಿನ ಧೂಳೂ ಮೈಕ್ರೋವೇವ್ ಸೂಸುತ್ತದೆ. ಪ್ಲಾಂಕ್ ತಂಡದ ಮಾಸ್ಕ್ ಹಾಕಿದರೆ ಸುಮಾರು 78% ಆಕಾಶ ಉಳಿಯುತ್ತದೆ. ಬಂದ ಉತ್ತರವನ್ನು 0.78ರಿಂದ ಭಾಗಿಸಿದೆ. ಒರಟು ವಿಧಾನವೇ, ಆದರೆ ಗ್ರಾಫಿನ ಶಿಖರಗಳನ್ನು ನೋಡುವುದಕ್ಕೆ ಸಾಕು. ನಕ್ಷೆ 5 ಆರ್ಕ್‌ಮಿನಿಟ್‌ನಷ್ಟು (60 ಆರ್ಕ್‌ಮಿನಿಟ್ ಸೇರಿದರೆ 1 ಡಿಗ್ರಿ) ಮಸುಕೂ ಆಗಿದೆ. ಅದನ್ನು ಸರಿಪಡಿಸದಿದ್ದರೆ ಮೊದಲ ಶಿಖರಕ್ಕೆ ಅಂಥದ್ದೇನೂ ಆಗಲ್ಲ, ಮೂರನೆಯದು ಐದರಲ್ಲೊಂದು ಪಾಲು ಕುಗ್ಗುತ್ತದೆ.

ಗ್ರಾಫಿನ ಅಡ್ಡಗೆರೆಯಲ್ಲಿ ‘ಎಲ್’ ಎಂಬ ಸಂಖ್ಯೆ, ಅದು ಜಾಸ್ತಿಯಾದಷ್ಟೂ ಕಲೆ ಸಣ್ಣದು. 220ರ ಹತ್ತಿರ ದೊಡ್ಡ ಶಿಖರ, ಅಂದರೆ ಆಕಾಶದಲ್ಲಿ ಹೆಚ್ಚುಕಡಿಮೆ 1 ಡಿಗ್ರಿ. ಆಮೇಲೆ 540, 810ರ ಆಸುಪಾಸು. ಇನ್‌ಫ್ಲೇಷನ್ (ಬ್ರಹ್ಮಾಂಡ ಶುರುವಿನಲ್ಲೇ ಕ್ಷಣಮಾತ್ರದಲ್ಲಿ ಭಾರೀ ಹಿಗ್ಗಿತು ಅನ್ನುವ ಸಿದ್ಧಾಂತ) ಮೇಲೆ ನನಗೆ ನಂಬಿಕೆ ಬಂದದ್ದು ಶಿಖರಗಳಿಗಿಂತ ಅವುಗಳ ನಡುವಿನ ತಗ್ಗುಗಳಿಂದ. ಈ ಬೆಳಕು ಹೊರಡುವ ಮೊದಲು ಬ್ರಹ್ಮಾಂಡದಲ್ಲಿ ತುಂಬಿದ್ದ ಬಿಸಿ ಪ್ಲಾಸ್ಮಾದಲ್ಲಿ (ವಿದ್ಯುದಾವೇಶದ ಕಣಗಳ ಅನಿಲ) ಶಬ್ದದ ಅಲೆಗಳು ಓಡುತ್ತಿದ್ದವು. ಒಂದೊಂದೂ ತನಗೆ ತೋಚಿದ ಹೊತ್ತಿಗೆ ಹೊರಟಿದ್ದರೆ ಎಲ್ಲ ಕಲಸಿಹೋಗಿ ತಗ್ಗುಗಳೇ ಕಾಣುತ್ತಿರಲಿಲ್ಲ. ಆದರೆ ಒಂದು ಅಳತೆಯ ಅಲೆಗಳೆಲ್ಲ ಕೋಲಾಟದವರ ಹಾಗೆ ಒಂದೇ ತಾಳಕ್ಕೆ ಹೆಜ್ಜೆ ಹಾಕಿವೆ. ಪ್ಲಾಸ್ಮಾ ಕುಣಿಯುವ ಮೊದಲೇ ಏರುಪೇರುಗಳು ಎಲ್ಲೆಡೆ ಇದ್ದರೆ ಹೀಗಾಗುತ್ತದೆ. ಇನ್‌ಫ್ಲೇಷನ್ ಹೇಳುವುದೂ ಅದನ್ನೇ ಅಲ್ವಾ?

ಆಮೇಲೆ ‘ಕ್ಯಾಂಬ್’ ಪ್ರೋಗ್ರಾಮಿನಿಂದ ಸಿದ್ಧಾಂತದ ಗೆರೆ ತೆಗೆದು ಅದರ ಮೇಲೆ ಹಾಕಿದೆ. ದೊಡ್ಡ, ಸಣ್ಣ ಏರುಪೇರುಗಳ ಬಲ ಹೇಗೆ ಬದಲಾಗುತ್ತದೆ ಅಂತ ಹೇಳುವ ‘ಎನ್ಎಸ್’ ಸಂಖ್ಯೆಗೆ 0.965 ಕೊಟ್ಟಾಗ ಗೆರೆ ಚೆನ್ನಾಗಿ ಕೂತಿತು. ಉಳಿದದ್ದು ಮುಟ್ಟದೆ ಅದನ್ನು 1 ಮಾಡಿದೆ. ಮೊದಲ ಶಿಖರ ಸುಮಾರು 4% ತಗ್ಗಿತು, ಬಲಗಡೆಯ ಬಾಲ ಮೇಲೆದ್ದಿತು. ಎಲ್ಲ ಗಾತ್ರದ ಏರುಪೇರಿಗೂ ಒಂದೇ ಬಲವಿದ್ದರೆ ಈ ಸಂಖ್ಯೆ 1. ಇನ್‌ಫ್ಲೇಷನ್‌ನ ಸರಳ ಮಾದರಿಗಳು ಸ್ವಲ್ಪ ಕಡಿಮೆ ಬರಬೇಕು ಅನ್ನುತ್ತವೆ. ಪ್ಲಾಂಕ್ ತಂಡ ಕೊಟ್ಟ ದೋಷಮಿತಿ 0.004 ಮಾತ್ರ, ಹಾಗಾಗಿ 1 ಅನ್ನುವುದು ಅದರ ಎಂಟು ಪಟ್ಟಿಗೂ ಆಚೆ ಇದೆ.

ನೀವೂ ಮಾಡುವುದಾದರೆ, ಎಡತುದಿಯಲ್ಲಿ ಚುಕ್ಕಿಗಳು ಚೆಲ್ಲಾಪಿಲ್ಲಿಯಾಗಿದ್ದರೆ ತಲೆ ಕೆಡಿಸಿಕೊಳ್ಳಬೇಡಿ. ‘ಎಲ್’ 2ರಲ್ಲಿ ಅಳೆಯಲು ಸಿಗುವುದೇ 5 ಸಂಖ್ಯೆ, ಅಷ್ಟರ ಸರಾಸರಿ ಅಲುಗಾಡುತ್ತದೆ. ಬಲತುದಿಯಲ್ಲಿ ಉಪಕರಣದ ಗದ್ದಲ ಸೇರಿ ಗೆರೆ ಏರುತ್ತದೆ. ಅಲ್ಲಿಗೆ ಹೋಗುವವರು ಹಾಫ್-ಮಿಷನ್ (ವೀಕ್ಷಣೆಯ ಅರ್ಧರ್ಧ ಅವಧಿಯ) ನಕ್ಷೆ ಎರಡನ್ನೂ ಇಳಿಸಿಕೊಂಡು ಕ್ರಾಸ್ ಮಾಡಿ, ಅಂದರೆ ಒಂದನ್ನು ಇನ್ನೊಂದರ ಜೊತೆ ಹೋಲಿಸಿ ಲೆಕ್ಕ ಹಾಕಿ; ಗದ್ದಲ ಎರಡರಲ್ಲೂ ಬೇರೆ ಬೇರೆ, ಹಾಗಾಗಿ ಅದು ಕಳೆದುಹೋಗುತ್ತದೆ.